ಹೊಲಿಗೆಯಿಲ್ಲದ ಲೈನರ್

ಬೈಕಿನ ಹಿಂದೆ ಕೂರಿಸುವ ಪ್ಲಾಸ್ಟಿಕ್ ಬಾಕ್ಸುಗಳನ್ನು ಮಾಡುವುದು ನನ್ನ ಕಸುಬು. ಮಾಚೇನಹಳ್ಳಿಯಲ್ಲಿ ನನ್ನದೊಂದು ಸಣ್ಣ ಶೆಡ್ಡಿದೆ. ದಪ್ಪ ಶೀಟನ್ನು ಅಳತೆಗೆ ಕತ್ತರಿಸಿ, ಬಿಸಿಗಾಳಿಯ ಗನ್ನು ಹಿಡಿದು ಬಗ್ಗಿಸುತ್ತೇನೆ. ಬಿಸಿ ಕಡಿಮೆಯಾದರೆ ಶೀಟು ಬಿರುಕು ಬಿಡುತ್ತದೆ, ಹೆಚ್ಚಾದರೆ ಗುಳ್ಳೆ ಏಳುತ್ತದೆ. ಆ ಹದ ಕೈಗೆ ಗೊತ್ತಿರಬೇಕು. ನನ್ನ ಕೈಗೆ ಗೊತ್ತು, ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ. ಔಷಧ ಮಾರುವವರು, ಫೋಟೊ ತೆಗೆಯುವವರು, ಕೇಕು ತಲುಪಿಸುವವರು ಎಲ್ಲ ನನ್ನ ಬಾಕ್ಸನ್ನೇ ಕಟ್ಟಿಕೊಂಡು ಓಡಾಡುತ್ತಾರೆ.

ಒಬ್ಬರನ್ನು ಬಿಟ್ಟು. ಅವರು ನಮ್ಮಪ್ಪ. ಅಪ್ಪ ಪುರೋಹಿತರು. ಭದ್ರಾವತಿಯ ಓಲ್ಡ್ ಟೌನಿನ ನಮ್ಮ ಮನೆಯಿಂದ ಶಿವಮೊಗ್ಗದವರೆಗೂ ಬೈಕಿನಲ್ಲೇ ಪೂಜೆಗೆ ಹೋಗುತ್ತಾರೆ. ಸಾಲಿಗ್ರಾಮವಿಟ್ಟ ದೇವರ ಸಂಪುಟ, ಮಡಿಪಂಚೆ ಇರುವ ಚೀಲವನ್ನು ಕೊರಳಿಗೆ ನೇತುಹಾಕಿಕೊಳ್ಳುತ್ತಿದ್ದರು. ಲಾರಿಯೊಂದು ಪಕ್ಕದಲ್ಲಿ ಹಾದುಹೋದಾಗ ಆ ಚೀಲ ತೂಗಾಡಿ ಹ್ಯಾಂಡಲಿಗೆ ಬಡಿದದ್ದನ್ನು ಕಂಡು ನನ್ನ ಜೀವ ಬಾಯಿಗೆ ಬಂದಂತಾಗಿತ್ತು.

ಅದಕ್ಕೇ ಅವರಿಗಾಗಿ ಒಂದು ಬಾಕ್ಸು ಮಾಡಿದೆ. ಒಳಗೆ ಮೆತ್ತನೆಯ ಬಟ್ಟೆಯ ಲೈನರ್, ಅಂಚಿಗೆಲ್ಲ ಕೆಂಪು ದಾರದ ಹೊಲಿಗೆ. ಅಷ್ಟು ಚೆಂದದ ಹೊಲಿಗೆಯನ್ನು ಯಾವ ಗಿರಾಕಿಗೂ ಹಾಕಿಕೊಟ್ಟಿರಲಿಲ್ಲ. ಅಪ್ಪ ಮುಚ್ಚಳ ತೆಗೆದು ನೋಡಿದರು.

"ಚೆನ್ನಾಗಿದೆ. ಆದ್ರೆ ಹೊಲಿದ ಬಟ್ಟೆ ಮಡಿಗೆ ಬರಲ್ಲ ಕಣೇ" ಎಂದರು. ಚೀಲ ಮತ್ತೆ ಕೊರಳಿಗೇರಿತು.

ದೀಪದ ಬುಡದಲ್ಲೇ ಕತ್ತಲೆ ಎನ್ನುವುದು ಸುಳ್ಳಲ್ಲ. ಪೂಜೆಗೆ ಕೂರುವಾಗ ಅಪ್ಪ ಅಂಗಿ ಕಳಚಿ, ಹೊಲಿಗೆಯಿಲ್ಲದ ಪಂಚೆ ಉಡುವುದನ್ನು ಹುಟ್ಟಿದಾಗಿನಿಂದ ನೋಡಿದವಳು ನಾನು. ನನಗೇ ಹೊಳೆಯಲಿಲ್ಲವಲ್ಲ ಎಂದು ಸಿಟ್ಟು ಬಂತು. ಸಿಟ್ಟು ಬಂದರೆ ನನ್ನ ಕೆಲಸ ಚೆನ್ನಾಗಿ ಆಗುತ್ತದೆ.

ಹೊಲಿಗೆ ಬೇಡ ತಾನೆ? ಹಾಗಾದರೆ ಅಂಟೂ ಬೇಡ, ರಿವೆಟ್ಟೂ ಬೇಡ ಎಂದುಕೊಂಡೆ. ತೆಳುವಾದ ಒಂದೇ ಶೀಟನ್ನು ತೆಗೆದುಕೊಂಡು, ಮೂಲೆಗಳನ್ನು ಕತ್ತರಿಸದೆ, ಬಾಳೆಲೆಯ ದೊನ್ನೆ ಮಾಡುವ ಹಾಗೆ ಮಡಚಿದೆ. ಒಂದು ಶೀಟು ಸೀಳಿತು, ಇನ್ನೊಂದು ಸೊಟ್ಟಗಾಯಿತು. ಕೊನೆಗೂ ಒಂದು ಆ ಬಾಕ್ಸಿನೊಳಗೆ ಲೈನರಾಗಿ ಸರಿಯಾಗಿ ಕೂತಿತು. ಎಲ್ಲೂ ಜೋಡಣೆಯಿಲ್ಲ, ಹೊರಗೆತ್ತಿ ತೊಳೆಯಲೂಬಹುದು. ಅಪ್ಪ ಅದರ ತುಂಬ ನೀರು ಹೊಯ್ದು, ತಳದಲ್ಲಿ ಕೈಯಾಡಿಸಿದರು. ಒಂದು ಹನಿಯೂ ಜಿನುಗಿರಲಿಲ್ಲ. "ನೋಡೋಣ" ಎಂದರು, ಅಷ್ಟೇ.

ಮಾರನೆಯ ದಿನ ಆಲ್ಕೊಳದ ಒಂದು ಮನೆಯಲ್ಲಿ ಸತ್ಯನಾರಾಯಣ ಪೂಜೆಯಿತ್ತು. ನಾನು ಏಳುವ ಹೊತ್ತಿಗೆ ಅಪ್ಪ ಹೊರಟುಹೋಗಿದ್ದರು. ತಡೆಯಲಾಗದೆ ಸ್ಕೂಟರ್ ಹತ್ತಿ ಹಿಂದೆಯೇ ಹೋದೆ. ಅವರು ಆ ಮನೆಯ ಅಂಗಳದ ನಲ್ಲಿಯಲ್ಲಿ ಕೈಕಾಲು ತೊಳೆದು, ಬಾಕ್ಸಿನ ಮುಚ್ಚಳ ತೆಗೆಯುತ್ತಿದ್ದರು. ಒಳಗೆ, ನನ್ನ ಲೈನರಿನಲ್ಲಿ, ಮಡಿಪಂಚೆ. ಅದರ ಮೇಲೆ ದೇವರ ಸಂಪುಟ.

ಲೈನರ್ ಎತ್ತಿಕೊಡೋಣವೆಂದು ಕೈ ಚಾಚಿದೆ.

"ಮುಟ್ಟಬೇಡ ಮಾರಾಯ್ತಿ, ಮಡಿ ಅದು" ಎಂದರು ಅಪ್ಪ.

ನಾನೇ ಕೈಯಾರೆ ಮಾಡಿದ್ದನ್ನು ನಾನೇ ಮುಟ್ಟುವಂತಿರಲಿಲ್ಲ. ಕೈ ಹಿಂದಕ್ಕೆ ತೆಗೆದುಕೊಂಡೆ. ಯಾವ ಗಿರಾಕಿಯ ಹೊಗಳಿಕೆಗೂ ನಾನು ಅಷ್ಟು ಹಿಗ್ಗಿದವಳಲ್ಲ.