ನನ್ನ ಬಾಯಲ್ಲಿ ಬಂದ ಅವರ ಕೂಗು

ಹೊಲಕ್ಕೆ ಬಂದ ಆನೆಯನ್ನು ಓಡಿಸುವುದು ನಮ್ಮೂರಲ್ಲಿ ಎಲ್ಲರಿಗೂ ಗೊತ್ತು. ಅದೇ ಆನೆಯನ್ನು ಸುಮ್ಮನೆ ನಿಂತು ನೋಡುವುದಕ್ಕೆ ಜನ ಖರ್ಚು ಮಾಡಿಕೊಂಡು ಬರುತ್ತಾರೆ ಎಂದು ನಮಗೆ ತಿಳಿದದ್ದು ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷ ಆದ ಮೇಲೆ. ಕಾಡುಗಳ್ಳರ ಭಯಕ್ಕೆ ಕಾಡಿನ ಕಡೆ ತಲೆ ಹಾಕಲು ಹೊರಗಿನವರು ಹೆದರುತ್ತಿದ್ದ ಕಾಲ ಆಗಷ್ಟೇ ಮುಗಿದಿತ್ತು. ಹಾಸನೂರಿನ ಹತ್ತಿರ ಕಾಡಿಗೆ ಅಂಟಿಕೊಂಡ ಜಮೀನೊಂದರಲ್ಲಿ ಕೊಯಮತ್ತೂರಿನವರೊಬ್ಬರು ನಾಲ್ಕು ಕೋಣೆ ಕಟ್ಟಿಸಿ, ಬಂದವರಿಗೆ ಪ್ರಾಣಿ ತೋರಿಸುವ ವ್ಯವಸ್ಥೆ ಮಾಡಿದರು. ನಾನು ಮೈಸೂರಿನಲ್ಲಿ ಡಿಗ್ರಿ ಮುಗಿಸಿ, ದೊಡ್ಡಗಾಜನೂರಿನಲ್ಲಿ ಅಪ್ಪನ ಹೊಲದ ಬದುವಿನ ಮೇಲೆ ಕೂತು ಪೇಪರ್ ಓದುತ್ತಿದ್ದೆ. ಕನ್ನಡ, ತಮಿಳು ಎರಡೂ ಬರುತ್ತಿದ್ದವು. ಇಂಗ್ಲಿಷೂ ಬರುತ್ತದೆಂದು ನಾನೇ ಹೇಳಿಕೊಂಡೆ. ಗಾಳಿ ಬಂದಾಗ ತೂರಿಕೊಳ್ಳಬೇಕಲ್ಲ, ಗೈಡ್ ಆಗಿ ಸೇರಿಬಿಟ್ಟೆ.

ಕಾಡು ಬಲ್ಲವನು ಇನ್ನೊಬ್ಬ ಬೇಕು ಎಂದು ಮಾಲೀಕರು ಕೇಳಿದಾಗ ನಾನು ಕರೆತಂದದ್ದು ನಮ್ಮ ಹೊಲದಲ್ಲಿ ಇಪ್ಪತ್ತು ವರ್ಷ ಕೂಲಿ ಮಾಡಿದ್ದವರೊಬ್ಬರನ್ನು. ಈಗ ಬರೆಯುವಾಗ ‘ಅವರು’ ಎನ್ನುತ್ತಿದ್ದೇನೆ. ಆಗ ನಮ್ಮ ಮನೆಯಲ್ಲಿ ಯಾರೂ ಹಾಗನ್ನುತ್ತಿರಲಿಲ್ಲ. ನನಗಿಂತ ಮೂವತ್ತು ವರ್ಷ ದೊಡ್ಡವರು ಧಣಿಯ ಮಗನೆಂದು ನನ್ನನ್ನು ‘ಬುದ್ಧಿ’ ಎಂದು ಕರೆಯುತ್ತಿದ್ದರು, ನಾನು ಓಗೊಡುತ್ತಿದ್ದೆ. ಹಿಂದಿನ ವರ್ಷ ಅವರು ರಾಗಿ ಕಾವಲಿಗೆ ಮರದ ಮೇಲೆ ಕಟ್ಟಿದ ಅಟ್ಟಣೆಯಿಂದ ಬಿದ್ದು ಸೊಂಟ ಮುರಿದುಕೊಂಡಿದ್ದರು. ಮೂಳೆ ಕೂಡಿತು, ಆದರೆ ಎಡಗಾಲು ಎಳೆಯುತ್ತಿತ್ತು. ಗುದ್ದಲಿ ಹಿಡಿಯಲಾಗದು, ಮೂಟೆ ಹೊರಲಾಗದು. ನಿಧಾನಕ್ಕೆ ನಡೆದು, ಕಣ್ಣು ಕಿವಿ ತೆರೆದಿಟ್ಟುಕೊಳ್ಳುವ ಈ ಕೆಲಸವೊಂದೇ ಅವರಿಗೆ ಉಳಿದಿದ್ದದ್ದು. ಅದು ತಪ್ಪಿದರೆ ಆ ಸೊಂಟ ಇಟ್ಟುಕೊಂಡು ಮತ್ತೆ ಅಟ್ಟಣೆ ಹತ್ತಬೇಕು. ಇದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಮಾಲೀಕರದ್ದು ಒಂದೇ ಕಟ್ಟಳೆ. ಕಾಡಿನಲ್ಲಿ ದನಿ ಎತ್ತಿದವನಿಗೆ ಅವತ್ತೇ ಕೆಲಸದ ಕೊನೆಯ ದಿನ.

ನಮ್ಮ ಕಡೆ ಕಾವಲಿನವರ ಒಂದು ಪದ್ಧತಿ ಇಲ್ಲಿ ಹೇಳಬೇಕು. ರಾಗಿ ತೆನೆಗಟ್ಟುವ ಕಾಲಕ್ಕೆ ಪ್ರತಿ ಹೊಲದಲ್ಲೂ ಒಬ್ಬ ಅಟ್ಟಣೆಯ ಮೇಲಿರುತ್ತಾನೆ. ಆನೆ ಬಂದರೆ ಕೂಗು ಹಾಕುತ್ತಾನೆ. ಆದರೆ ಒಬ್ಬನ ಕೂಗು ಇನ್ನೊಬ್ಬನದ್ದಲ್ಲ. ಒಬ್ಬ ಎಳೆದು ಕೂಗಿದರೆ ಇನ್ನೊಬ್ಬ ಕಡಿದು ಕಡಿದು ಕೂಗುತ್ತಾನೆ. ಕೂಗು ಕೇಳಿದ ಕೂಡಲೇ ಯಾರು, ಯಾವ ಹೊಲ, ಆನೆ ಯಾವ ದಿಕ್ಕು ಎಂದು ಸುತ್ತಲಿನವರಿಗೆ ತಿಳಿಯಬೇಕು. ಒಬ್ಬನ ಕೂಗನ್ನು ಇನ್ನೊಬ್ಬ ಹಾಕಿದರೆ ಜನ ತಪ್ಪು ಹೊಲಕ್ಕೆ ಓಡಿ ಹೋಗುತ್ತಾರೆ, ಹಾಗಾಗಿ ಯಾರೂ ಹಾಕುವುದಿಲ್ಲ. ನಮ್ಮ ಹೊಲ ಕಾಯುತ್ತಿದ್ದ ಅವರದ್ದು ಎದೆಯಿಂದ ಗುಡುಗಿನ ಹಾಗೆ ಎದ್ದು, ಮೇಲೇರಿ, ತುದಿಯಲ್ಲಿ ಎರಡು ಸಲ ಚಟಕ್ಕನೆ ತುಂಡಾಗುವ ಕೂಗು. ಸಂಜೆ ಅವರಿಗೆ ಮುದ್ದೆ ಕೊಟ್ಟು ಬರಲು ಹೋಗುತ್ತಿದ್ದ ನಾನು ಅಟ್ಟಣೆ ಹತ್ತಿ ಕೂತು, ಹತ್ತು ವರ್ಷವೂ ತುಂಬುವ ಮೊದಲೇ ಅದನ್ನು ಕಲಿತಿದ್ದೆ. ಆ ಅಟ್ಟಣೆಯ ಮೇಲೆ ಮಾತ್ರ ಅವರು ನನ್ನನ್ನು ‘ಲಾ’ ಎನ್ನುತ್ತಿದ್ದರು. ಕೆಳಗಿಳಿದರೆ ಮತ್ತೆ ಬುದ್ಧಿ.

ಆ ಸಲ ಬಂದಿದ್ದವರು ಮೈಸೂರಿನ ಗಂಡ ಹೆಂಡತಿ, ಇಬ್ಬರೂ ನಿವೃತ್ತರು. ಆಕೆಗೆ ಮಂಡಿನೋವು. ಆದರೂ ಆನೆಯನ್ನು ಜೀಪಿನಿಂದಲ್ಲ, ನೆಲದ ಮೇಲೆ ನಿಂತು ನೋಡಬೇಕು ಎಂಬ ಹಟ. ಬಂದ ದಿನ ಸಂಜೆ ಅಂಗಳದಲ್ಲಿ ಕಾಫಿ ಕುಡಿಯುತ್ತಾ, ಹೊಲದಲ್ಲಿ ಆನೆ ಬಂದರೆ ಏನು ಮಾಡುತ್ತೀರಿ ಎಂದು ಕೇಳಿದರು. ನನಗೆ ಹುರುಪು ಬಂತು.

“ಒಂದ್ಸಲ ಕೂಗಿ ತೋರ್ಸು,” ಎಂದು ಮೂಲೆಯಲ್ಲಿ ಕೂತಿದ್ದ ನಮ್ಮ ಹೊಲದವರಿಗೆ ಹೇಳಿದೆ.

“ಬ್ಯಾಡ ಬುದ್ಧಿ, ಇಲ್ಲಿ ಯಾಕ?” ಎಂದರು.

ನಾನು ಬಿಡಲಿಲ್ಲ. ಅವರು ಎದ್ದು, ಕಾಡಿಗೆ ಬೆನ್ನು ಮಾಡಿ ನಿಂತು ಒಮ್ಮೆ ಕೂಗಿದರು. ಆಕೆ ಎದೆಯ ಮೇಲೆ ಕೈ ಇಟ್ಟುಕೊಂಡು ನಕ್ಕರು, ಗಂಡ ಕೈ ತಟ್ಟಿದರು. ಮಾಲೀಕರು ಒಳಗಿನಿಂದ ಬಂದು ನೋಡಿ ಮುಖ ಗಂಟು ಹಾಕಿಕೊಂಡು ಹೋದರು.

ಬೆಳಿಗ್ಗೆ ಆರೂವರೆಗೆ ಹೊರಟೆವು. ಮಾಲೀಕರು ಜೀಪಿನಲ್ಲಿ ಹಳೆಯ ಬಂಡಿದಾರಿಯ ತನಕ ಬಿಟ್ಟು ಅಲ್ಲೇ ಕಾದರು. ಅಲ್ಲಿಂದ ಮುಂದೆ ನಡಿಗೆ. ಎರಡೂ ಕಡೆ ಆಳೆತ್ತರದ ಲಂಟಾನ ಪೊದೆ, ದಾರಿಯ ಅಗಲ ಒಂದು ಬಂಡಿ. ಕಾಲೆಳೆಯುತ್ತಾ ಅವರು ಮುಂದೆ, ನಡುವೆ ದಂಪತಿ, ಹಿಂದೆ ನಾನು. ಹಳ್ಳದ ಮೇಲಿನ ಬಂಡೆ ತಲುಪಿದಾಗ ಕೆಳಗೆ ನೀರಿನಲ್ಲಿ ಏಳು ಆನೆಗಳಿದ್ದವು. ಒಂದು ಮರಿ. ಆಕೆ ಬಂಡೆಯ ಮೇಲೆ ಕೂತು ಅರ್ಧ ಗಂಟೆ ಕಣ್ಣು ಕೀಳಲಿಲ್ಲ. ನಾನೂ ನೋಡಿದೆ. ನಿಜ ಹೇಳಬೇಕೆಂದರೆ, ನಮ್ಮ ರಾಗಿಯನ್ನು ತಿನ್ನದೆ ಸುಮ್ಮನಿರುವ ಆನೆಯನ್ನು ನಾನು ಅಷ್ಟು ಹೊತ್ತು ನೋಡಿದ್ದು ಅದೇ ಮೊದಲು.

ಆಮೇಲೆ ಗಾಳಿ ತಿರುಗಿತು. ಬೆವರಿದ ಕತ್ತಿನ ಹಿಂಭಾಗಕ್ಕೆ ತಣ್ಣಗೆ ತಗುಲಿದಾಗ ನನಗೂ ಗೊತ್ತಾಯಿತು. ಕೆಳಗಿನ ಆನೆಗಳು ನಮ್ಮ ವಾಸನೆಗೆ ಸೊಂಡಿಲೆತ್ತಿದವು, ಒಂದೊಂದಾಗಿ ನೀರು ಬಿಟ್ಟು ಪೊದೆಯೊಳಗೆ ಸೇರಿದವು. ಅಷ್ಟು ದೊಡ್ಡ ಮೈಗಳು ಸದ್ದಿಲ್ಲದೆ ಎಲ್ಲಿ ಹೋದವೋ ತಿಳಿಯಲಿಲ್ಲ.

“ಅಮ್ಮಾರ, ಈಗ ಓಗವ,” ಎಂದು ಅವರು ಮೆಲ್ಲಗೆ ಹೇಳಿದರು. “ನೀವಿಬ್ರೂ ಮುಂದ ನಡೀರಿ. ಓಡ್ಬ್ಯಾಡಿ. ಇಂದುಕ್ ತಿರುಗ್ಬ್ಯಾಡಿ.”

ಹೀಗೆ ಹಿಂದಿರುಗುವಾಗ ದಂಪತಿ ಮುಂದಾದರು, ನಾವಿಬ್ಬರೂ ಹಿಂದಾದೆವು. ಆಕೆ ಗಂಡನ ತೋಳು ಹಿಡಿದು ಒಂದೊಂದೇ ಹೆಜ್ಜೆ ಇಡುತ್ತಿದ್ದರು. ಎಡಗಡೆ ಪೊದೆಯಲ್ಲಿ ಕೊಂಬೆ ಮುರಿದ ಸದ್ದು. ಸ್ವಲ್ಪ ಹೊತ್ತು ಏನೂ ಇಲ್ಲ. ಮತ್ತೆ ಮುರಿದ ಸದ್ದು, ಈಗ ಇನ್ನೂ ಹತ್ತಿರ. ದಂಪತಿ ಐವತ್ತು ಹೆಜ್ಜೆ ಮುಂದಿದ್ದಾಗ ನಮ್ಮ ಹಿಂದೆ ಪೊದೆ ಅಲುಗಿತು. ತಿರುಗಿ ನೋಡಿದರೆ ಮರಿ ದಾರಿಗೆ ಬಂದು ನಿಂತಿದೆ. ನಮಗೂ ಅದಕ್ಕೂ ಇಪ್ಪತ್ತು ಹೆಜ್ಜೆ ಅಂತರ.

“ಸುಮ್ನಿರಿ ಬುದ್ಧಿ, ಅವ್ವ ಬತ್ತಳ, ಕರ್ಕಂಡು ಓಯ್ತಳ,” ಎಂದು ಅವರು ತುಟಿಯಲ್ಲೇ ಹೇಳಿದರು.

ಅವ್ವ ಬಂದಳು. ಮರಿಯ ಹಿಂದೆಯೇ ಪೊದೆ ಸೀಳಿಕೊಂಡು ಬಂದು, ನಮ್ಮನ್ನು ಕಂಡು, ಕಿವಿ ಅಗಲಿಸಿ ನಿಂತಳು. ಎರಡು ಹೆಜ್ಜೆ ಮುಂದಿಟ್ಟಳು. ಅಷ್ಟೇ. ನಾವು ಸುಮ್ಮನಿದ್ದಿದ್ದರೆ ಅವಳು ಅಲ್ಲೇ ನಿಲ್ಲುತ್ತಿದ್ದಳು. ಅದು ನನಗೆ ಈಗ ಗೊತ್ತು, ಆಗಲೂ ತಲೆಗೆ ಗೊತ್ತಿತ್ತು. ಆದರೆ ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ. ಎದುರಿಗೆ ಆನೆ ಹೆಜ್ಜೆ ಇಟ್ಟರೆ ನಮ್ಮ ಊರಿನವನ ಮೈ ಏನು ಮಾಡುತ್ತದೋ ನನ್ನ ಮೈ ಅದನ್ನೇ ಮಾಡಿತು. ನಾನು ಕೂಗಿಬಿಟ್ಟೆ.

ನನಗೆ ಸ್ವಂತದ್ದೊಂದು ಕೂಗು ಇರಲಿಲ್ಲ. ನಾನು ಕಾವಲು ಕಾದವನಲ್ಲ. ಬಾಯಿಗೆ ಬಂದದ್ದು ಅವರದ್ದು, ಎದೆಯಿಂದ ಎದ್ದು, ಮೇಲೇರಿ, ತುದಿಯಲ್ಲಿ ಎರಡು ಸಲ ತುಂಡಾಗಿ.

ಹೊಲದಲ್ಲಾದರೆ ಆನೆಗೆ ಹಿಂದೆ ಕಾಡಿರುತ್ತದೆ, ಓಡಲು ಜಾಗವಿರುತ್ತದೆ. ಇಲ್ಲಿ ಮರಿ ಬೆದರಿ ನಮ್ಮ ಕಡೆಗೇ ನುಗ್ಗಿತು. ತಾಯಿ ಘೀಳಿಟ್ಟು ಅದರ ಬೆನ್ನಿಗೆ ಬಂದಳು. ಮುಂದಿದ್ದ ಆಕೆ ತಿರುಗಿ ನೋಡಿ, ಓಡಲು ಹೋಗಿ, ಮಂಡಿ ಮಡಚಿಕೊಂಡು ಬಿದ್ದರು. ನಾನು ಇನ್ನೊಮ್ಮೆ ಕೂಗಲು ಬಾಯಿ ತೆರೆದಿದ್ದೆ. ಅಂಗಿಯ ಕೊರಳಪಟ್ಟಿಗೆ ಕೈ ಬಿತ್ತು.

“ಬಾಯ್ ಮುಚ್ಲಾ. ಕುಂತ್ಕಳ್ಲಾ.”

ನಾನು ಪೊದೆಯ ಬುಡದಲ್ಲಿ ಕುಸಿದು ಕೂತೆ. ಓಡಲಾಗದ ಕಾಲಿನ ಮನುಷ್ಯ ದಾರಿಯ ನಡುವೆ ಕೈ ಇಳಿಬಿಟ್ಟುಕೊಂಡು ನಿಂತರು. ಮರಿ ಅವರ ಪಕ್ಕದಿಂದ ಪೊದೆಗೆ ಹಾರಿತು. ತಾಯಿ ಬಂದಳು, ಧೂಳು ಬಂತು, ಹಸಿ ಹುಲ್ಲಿನ ವಾಸನೆ ಬಂತು. “ಓಗವ್ವ, ನಿನ್ ಮಗ ಅಲ್ಲಿ ಅದ, ಓಗು,” ಎಂದು ಅವರು ಮನೆ ಬಾಗಿಲಿಗೆ ಬಂದವರ ಜೊತೆ ಮಾತಾಡುವ ದನಿಯಲ್ಲಿ ಹೇಳುತ್ತಲೇ ಇದ್ದರು. ಹತ್ತು ಹೆಜ್ಜೆ ದೂರದಲ್ಲಿ ಅವಳು ನಿಂತಳು. ಮಣ್ಣು ಒದ್ದಳು. ಎಷ್ಟು ಹೊತ್ತೋ ನಿಂತಿದ್ದು, ಆಮೇಲೆ ಮರಿ ಹೋದ ಕಡೆ ತಿರುಗಿ ಹೋದಳು. ನನ್ನ ಪ್ಯಾಂಟು ಒದ್ದೆಯಾಗಿತ್ತು. ಅದನ್ನು ಇಬ್ಬನಿಯೆಂದು ಯಾರಾದರೂ ತಿಳಿಯಲಿ ಎಂದುಕೊಂಡೆ.

ಆಕೆಯನ್ನು ನಾವು ಎತ್ತಿ ನಡೆಸಿಕೊಂಡು ಬಂದೆವು. ಮಣಿಕಟ್ಟು ಊದಿತ್ತು, ಮಂಡಿ ತರಚಿತ್ತು. ಪುಣ್ಯಕ್ಕೆ ಅಷ್ಟಕ್ಕೇ ಮುಗಿದಿತ್ತು. ಜೀಪಿನ ಹತ್ತಿರ ಮಾಲೀಕರು ಆಗಲೇ ಇಳಿದು ನಿಂತಿದ್ದರು. ಕೂಗು ಅವರಿಗೂ ಕೇಳಿಸಿತ್ತು. ಆಕೆ ಕಾಲೆಳೆಯುತ್ತಾ ಬಂದ ಅವರತ್ತ ಕೈ ತೋರಿಸಿ ಕನ್ನಡದಲ್ಲಿ ಹೇಳಿದರು, “ಇವನೇ ಕೂಗಿದ್ದು, ನಿನ್ನೆ ಸಂಜೆ ಕೂಗಿದನಲ್ಲ, ಅದೇ ಥರ. ಆನೆ ಸುಮ್ಮನೆ ಇತ್ತು, ಕೂಗಿ ಕೆಣಕಿಬಿಟ್ಟ.” ಆಕೆಯ ಮೇಲೆ ನನಗೆ ಕೋಪವಿಲ್ಲ. ಬೆನ್ನು ತಿರುಗಿಸಿ ನಡೆಯುತ್ತಿದ್ದವರಿಗೆ ಕೇಳಿಸಿದ್ದು ಅದೇ.

ಮಾಲೀಕರಿಗೆ ಕನ್ನಡ ಅಷ್ಟಾಗಿ ಬಾರದು. “ನಾನು ಕೂಗ್ಲಿಲ್ಲ,” ಎಂದು ದೂರು ಹೊತ್ತ ಅವರೇ ತಮಿಳಿನಲ್ಲಿ ಹೇಳಿದರು, ಒಂದೇ ಸಲ. ಮಾಲೀಕರು ಅವರನ್ನು ನೋಡಲೇ ಇಲ್ಲ. ನನ್ನನ್ನು ನೋಡಿ, ಅಮ್ಮ ಏನು ಹೇಳುತ್ತಿದ್ದಾರೆ ಎಂದು ಕೇಳಿದರು.

ನನ್ನ ಪಕ್ಕದಲ್ಲಿ ನಿಂತಿದ್ದ ಅವರೂ ನನ್ನ ಕಡೆ ತಿರುಗಿದರು. ಬೇಡುವ ಮುಖವಲ್ಲ ಅದು, ನಾನು ಹೇಳುತ್ತೇನೆಂದು ಗೊತ್ತಿದ್ದವರ ಮುಖ. ನನಗೆ ಆನೆಯ ಎದುರಿಗಿಂತ ಹೆಚ್ಚು ಹೆದರಿಕೆ ಆದದ್ದು ಅಲ್ಲಿ. ನಾಳೆಯಿಂದ ಮತ್ತೆ ಬದು, ಮತ್ತೆ ಪೇಪರ್, ಮತ್ತೆ ಅಪ್ಪನ ಮಾತು. ನಾನು ಆಕೆ ಹೇಳಿದ್ದನ್ನು ತಮಿಳಿಗೆ ತಿರುಗಿಸಿ ಹೇಳಿದೆ. ಒಂದಕ್ಷರ ಕೂಡಿಸಲಿಲ್ಲ, ಒಂದಕ್ಷರ ಬಿಡಲಿಲ್ಲ. ಇವನೇ ಕೂಗಿದ್ದಂತೆ, ನಿನ್ನೆಯ ಥರವೇ. ಸುಳ್ಳೇನೂ ಹೇಳಲಿಲ್ಲವಲ್ಲ ಎಂದು ಅದೆಷ್ಟೋ ದಿನ ನನಗೆ ನಾನೇ ಹೇಳಿಕೊಂಡಿದ್ದೇನೆ. ನಾಚಿಕೆಗೇಡು.

ಕೆಲಸ ಕಳೆದುಕೊಂಡು ಅವರು ಹತ್ತು ಗಂಟೆಯ ಬಸ್ಸಿಗೆ ಹೊರಟರು. ನಾನು ಹಾಸನೂರಿನ ನಿಲ್ದಾಣದ ತನಕ ಅವರ ಚೀಲ ಹಿಡಿದುಕೊಂಡು ಹೋದೆ, ಅದು ದೊಡ್ಡ ಉಪಕಾರವೆಂಬಂತೆ. ಬಸ್ಸು ಕಂಡಾಗ ನನಗೆ ತಡೆಯಲಾಗಲಿಲ್ಲ.

“ಅಲ್ಲಿ ನೀನು ಇನ್ನೊಂದ್ಸಲ ಗಟ್ಟಿಯಾಗಿ ಹೇಳ್ಬೋದಿತ್ತಲ್ಲ,” ಎಂದೆ. ಎಂಥ ಮಾತು ಆಡಿದೆನೋ.

ಅವರು ಚೀಲ ತೆಗೆದುಕೊಂಡರು. “ನಾನ್ ಯೋಳ್ದಿ ಬುದ್ಧಿ,” ಎಂದರು. “ನೀವು ಯೋಳ್ನಿಲ್ಲ.”

ಕೈಯಿಂದ ಎಡಗಾಲನ್ನು ಎತ್ತಿ ಮೆಟ್ಟಿಲ ಮೇಲಿಟ್ಟು, ಕಂಬಿ ಹಿಡಿದು ಹತ್ತಿದರು. ನಾನು ವಾಪಸ್ಸು ಹೋದೆ. ಮಧ್ಯಾಹ್ನಕ್ಕೆ ಬೇರೆ ಅತಿಥಿಗಳು ಬರುವವರಿದ್ದರು.

ಆ ಕೆಲಸದಲ್ಲಿ ನಾನು ಇನ್ನೂ ಮೂರು ವರ್ಷ ಇದ್ದೆ. ಅದೇ ವರ್ಷ ರಾಗಿ ತೆನೆಗಟ್ಟಿದಾಗ ರಜೆ ಹಾಕಿ ಊರಿಗೆ ಹೋಗಿದ್ದೆ. ನಮ್ಮ ಅಟ್ಟಣೆ ಖಾಲಿ ಇತ್ತು. ಅವರು ಮೂರು ಹೊಲ ಆಚೆ, ಬೇರೆಯವರ ಅಟ್ಟಣೆಗೆ ಹಗ್ಗ ಕಟ್ಟಿಕೊಂಡು ಹತ್ತುತ್ತಿದ್ದಾರೆ ಎಂದು ಅಮ್ಮ ಹೇಳಿದಳು. ಊಟಕ್ಕೆ ಕೂತಾಗ ಅಪ್ಪ ಕೇಳಿದರು.

“ಇಪ್ಪತ್ ವರ್ಸ ನಮ್ ಒಲದಲ್ಲೇ ಇದ್ದಂವ ಕಣ್ಲಾ. ಕೂಲಿ ಜಾಸ್ತಿ ಕೊಡ್ತೀನಿ ಅಂದ್ರೂ ಬರ್ನಿಲ್ಲ. ಯಾಕಂತ ನಿಂಗೇನಾರ ಗೊತ್ತಾ?”

ಗೊತ್ತಿಲ್ಲ ಎಂದೆ. ಅಪ್ಪ ಮುದ್ದೆ ಮುರಿದು ಸಾರಿಗೆ ಅದ್ದಿದರು.