ವಿಜಯವಾಡದಲ್ಲಿ ಪವರ್ ಬ್ಯಾಂಕ್, ವಿಶಾಖಪಟ್ಟಣದಲ್ಲಿ ಕೇಬಲ್

ನನ್ನ ಪವರ್ ಬ್ಯಾಂಕ್ ಒಂದು ಇಟ್ಟಿಗೆಯಷ್ಟು ತೂಕವಿದೆ. ಕೊಳ್ಳುವ ಮುಂಚೆ ಎರಡು ವಾರ ಅದರ ಗುಣಗಳ ಬಗ್ಗೆ ಓದಿದೆ. ಕೊಂಡ ಮೇಲೆ ಇನ್ನೆರಡು ವಾರ, ಅದು ಬ್ಯಾಗಿನೊಳಗೇ ಸಿಡಿಯಬಹುದೇ ಎಂದು ಓದಿದೆ. ವಿಜಯವಾಡದಿಂದ ವಿಶಾಖಪಟ್ಟಣಕ್ಕೆ ಹಗಲಿನ ರೈಲಿನಲ್ಲಿ ಆರೇಳು ಗಂಟೆಯ ದಾರಿ. ಅಷ್ಟರಲ್ಲಿ ಯಾರ ಫೋನಾದರೂ ಸಾಯುವುದಿದ್ದರೆ ಒಂದು ಸಲ ಸಾಯಬಹುದು. ನಾನು ನಾಲ್ಕು ಸಲ ಬದುಕಿಸುವಂಥದ್ದನ್ನು ಕೊಂಡಿದ್ದೆ.

ಆಗ ನಾನು ವಿಜಯವಾಡದ ಬ್ಯಾಂಕ್ ಶಾಖೆಯೊಂದರಲ್ಲಿ ಅಧಿಕಾರಿ. ತುಮಕೂರಿನ ಕಡೆಯವನು, ವರ್ಗವಾಗಿ ಬಂದು ನಾಲ್ಕು ವರ್ಷವಾಗಿತ್ತು. ಹೆಂಡತಿ ವಿಶಾಖಪಟ್ಟಣದ ಸರ್ಕಾರಿ ಕಾರ್ಖಾನೆಯಲ್ಲಿ ಎಂಜಿನಿಯರ್. ಮಗಳ ಜೊತೆ ಅಲ್ಲಿನ ಟೌನ್‌ಶಿಪ್ಪಿನಲ್ಲಿದ್ದಳು. ತಿಂಗಳಿಗೆ ಎರಡು ಸಲ ನಾನು ಹೋಗುತ್ತಿದ್ದೆ, ಅಪರೂಪಕ್ಕೊಮ್ಮೆ ಅವರು ಬರುತ್ತಿದ್ದರು. ಮಗಳು ಫೋನಿನಲ್ಲಿ "ಅಪ್ಪಾ, ಎಪ್ಪುಡು ಬರ್ತೀಯ?" ಎಂದು ಕೇಳುತ್ತಿದ್ದಳು. ‘ಯಾವಾಗ’ ಎಂಬ ಕನ್ನಡದ ಪದ ಅವಳ ಬಾಯಿಂದ ಯಾವಾಗ ಜಾರಿಹೋಯಿತೋ ನನಗೆ ಗೊತ್ತಾಗಲಿಲ್ಲ. ಗೊತ್ತಾಗುವಷ್ಟು ದಿನ ನಾನು ಅಲ್ಲಿರುತ್ತಲೂ ಇರಲಿಲ್ಲ. ನಾಲ್ಕು ವರ್ಷವೂ ವಿಶಾಖಪಟ್ಟಣಕ್ಕೆ ವರ್ಗ ಕೇಳಿ ಅರ್ಜಿ ಹಾಕಿದ್ದೆ. ನಾಲ್ಕು ಸಲವೂ ‘ಜಾಗ ಖಾಲಿ ಇಲ್ಲ’ ಎಂಬ ಉತ್ತರ ಬಂದಿತ್ತು.

ಬ್ಯಾಂಕಿನವರಿಗೊಂದು ಪದ್ಧತಿಯಿದೆ. ಹಣದ ಕೊಠಡಿಯ ಬಾಗಿಲಿಗೆ ಎರಡು ಕೀಲಿ, ಒಂದೊಂದು ಒಬ್ಬೊಬ್ಬರ ವಶದಲ್ಲಿ. ಇಬ್ಬರೂ ಬಂದು ನಿಂತರೆ ಮಾತ್ರ ಬಾಗಿಲು ತೆರೆಯುತ್ತದೆ. ಎರಡನ್ನೂ ಒಬ್ಬನೇ ಇಟ್ಟುಕೊಂಡರೆ ಅದು ಅಪರಾಧ. ಇಪ್ಪತ್ತು ವರ್ಷ ಇದನ್ನೇ ಮಾಡಿದವನ ತಲೆ ಮನೆಯಲ್ಲೂ ಹಾಗೇ ಓಡುತ್ತದೆ. ಮಂಗಳಗಿರಿಗೆ ಸೀರೆ ಕೊಳ್ಳಲು ಹೋಗಿದ್ದಾಗ ನನ್ನ ಹಳೆಯ ಪವರ್ ಬ್ಯಾಂಕ್, ಕೇಬಲ್ ಎರಡೂ ಇದ್ದ ಕೈಚೀಲವನ್ನು ಆಟೋದಲ್ಲೇ ಬಿಟ್ಟು ಇಳಿದೆ. ಈ ಇಟ್ಟಿಗೆಯನ್ನು ಕೊಂಡ ದಿನವೇ ಮನೆಯಲ್ಲಿ ಹೊಸ ಕಾನೂನು ಹೊರಡಿಸಿದೆ: ಇನ್ನು ಮೇಲೆ ಪವರ್ ಬ್ಯಾಂಕ್ ನನ್ನ ಬ್ಯಾಗಿನಲ್ಲಿ, ಅದರ ಕೇಬಲ್ ಅವಳ ಬ್ಯಾಗಿನಲ್ಲಿ. ಎರಡೂ ಒಟ್ಟಿಗೆ ಕಳೆಯುವ ಪ್ರಶ್ನೆಯೇ ಇಲ್ಲ.

"ರೀ, ಕೇಬಲ್ ಇಲ್ದೆ ಆ ಇಟ್ಟಿಗೇನ ತಲೆದಿಂಬು ಮಾಡ್ಕೋತೀರಾ?" ಎಂದು ಹೆಂಡತಿ ಕೇಳಿದಳು.

"ನಾವು ಜೊತೇಲೇ ಇರ್ತೀವಲ್ಲೇ."

"ಹೌದೌದು, ತಿಂಗಳಿಗೆ ನಾಲ್ಕು ದಿನ."

ಈ ಮಾತಿನ ಹಿಂದಿದ್ದ ಎಚ್ಚರಿಕೆ ನನಗೆ ಕೇಳಿಸಬೇಕಿತ್ತು. ಕೇಳಿಸಲಿಲ್ಲ.

ಕಳೆದ ಬೇಸಿಗೆಯಲ್ಲಿ ಅಮ್ಮ ಮಗಳು ಒಂದು ವಾರ ಬಂದಿದ್ದು ವಾಪಸ್ಸು ಹೋದರು. ಕಾನೂನಿನ ಪ್ರಕಾರ ಕೇಬಲ್ಲೂ ಅವಳ ಜೊತೆ ಹೋಯಿತು. ಮೂರು ದಿನದ ನಂತರ, ಒಂದು ಶುಕ್ರವಾರ, ನಾನು ರಜೆ ಹಾಕಿ ಹೊರಟೆ. ಅವತ್ತು ಬೆಳಗ್ಗೆ, ನಾನಿನ್ನೂ ಹಲ್ಲುಜ್ಜುತ್ತಿರುವಾಗಲೇ, ಹೆಡ್ ಆಫೀಸಿನಿಂದ ಮೆಸೇಜ್ ಬಂತು. ವಿಶಾಖಪಟ್ಟಣದಲ್ಲಿ ಒಂದು ಜಾಗ ಖಾಲಿಯಾಗಿದೆ. ಮಧ್ಯಾಹ್ನ ಮೂರರಿಂದ ನಾಲ್ಕರ ನಡುವೆ ಫೋನ್ ಮಾಡುತ್ತೇವೆ. ಎತ್ತದಿದ್ದರೆ ಪಟ್ಟಿಯಲ್ಲಿ ಮುಂದಿನವರನ್ನು ಕರೆಯುತ್ತೇವೆ.

ನಾಲ್ಕು ವರ್ಷ ಕಾದಿದ್ದು ಒಂದು ಗಂಟೆಯೊಳಗೆ ಬಂದು ಕೂತಿತು. ಬಾಯಿ ತೊಳೆಯದೆಯೇ ಮೆಸೇಜನ್ನು ಇನ್ನೆರಡು ಸಲ ಓದಿದೆ.

ಊರಿಗೆ ಹೊರಡುವಾಗ ನಾನು ಮಾಡುವ ಮೊದಲ ಕೆಲಸ ಮೇನ್ ಸ್ವಿಚ್ ಆರಿಸುವುದು. ಆಮೇಲೆ ಗ್ಯಾಸು, ನಲ್ಲಿ, ಕಿಟಕಿ, ಮತ್ತೊಮ್ಮೆ ಗ್ಯಾಸು. ಅವತ್ತು ಗಾಬರಿಯಲ್ಲಿ ಒಂದು ಗಂಟೆ ಮುಂಚೆಯೇ ಆರಿಸಿಬಿಟ್ಟೆ. ಚಾರ್ಜಿಗೆ ಹಾಕಿದ್ದ ಫೋನು ನನಗೆ ಗೊತ್ತಾಗದೆ ಮೂವತ್ತು ಪರ್ಸೆಂಟಿನಲ್ಲೇ ನಿಂತಿತು. ರಾತ್ರಿಯೇ ಚಾರ್ಜಿಗೆ ಹಾಕಬಹುದಿತ್ತಲ್ಲ ಎನ್ನುತ್ತೀರಿ. ಮಲಗಿರುವಾಗ ಚಾರ್ಜಿಗೆ ಹಾಕಿದರೆ ಬೆಂಕಿ ಹತ್ತುತ್ತದೆಂದು ಎಲ್ಲೋ ಓದಿದ್ದೆ. ಮನೆಯ ಚಾರ್ಜರನ್ನು ಜೋಪಾನವಾಗಿ ಗೋಡೆಯಿಂದ ಕಿತ್ತೆ, ಜೋಪಾನವಾಗಿ ಸುತ್ತಿದೆ, ಜೋಪಾನವಾಗಿ ಫ್ರಿಜ್ಜಿನ ಮೇಲಿಟ್ಟೆ. ಅಲ್ಲೇ ಬಿಟ್ಟು ಬೀಗ ಹಾಕಿದೆ. ಬೀಗವನ್ನು ಮೂರು ಸಲ ಜಗ್ಗಿ ನೋಡಿದೆ.

ಏಲೂರು ದಾಟಿದ ಮೇಲೆ ಬ್ಯಾಗಿಗೆ ಕೈಹಾಕಿದೆ. ಪವರ್ ಬ್ಯಾಂಕ್ ಸಿಕ್ಕಿತು. ಬಟನ್ ಒತ್ತಿದರೆ ನಾಲ್ಕೂ ನೀಲಿ ದೀಪ ಹತ್ತಿದವು, ಹೊಟ್ಟೆ ತುಂಬಿದ ಮಗುವಿನ ಹಾಗೆ ನಗುತ್ತ. ಕೇಬಲ್ಲು ಹತ್ತಿರ ಹತ್ತಿರ ಮುನ್ನೂರು ಕಿಲೋಮೀಟರ್ ದೂರದಲ್ಲಿ ನನ್ನ ಹೆಂಡತಿಯ ಬ್ಯಾಗಿನಲ್ಲಿ ಸುರಕ್ಷಿತವಾಗಿತ್ತು.

ಫೋನಿನಲ್ಲಿ ಆಗ ಹದಿನೈದು ಪರ್ಸೆಂಟ್. ಎಷ್ಟಿದೆ ಎಂದು ಎರಡೆರಡು ನಿಮಿಷಕ್ಕೆ ತೆರೆದು ನೋಡಿದ್ದರಿಂದಲೇ ಅದು ಹನ್ನೊಂದಾಯಿತು.

ಆರಿಸಿಟ್ಟು ಮೂರಕ್ಕೆ ಹಾಕೋಣವೇ? ಅವರು ಐದು ನಿಮಿಷ ಮುಂಚೆ ಮಾಡಿದರೆ? ಅಲ್ಲದೆ ನನ್ನದು ಹಳೆಯ ಫೋನು. ಒಂದು ಸಲ ಆರಿಸಿದರೆ ಏಳುವಾಗ ಅದಕ್ಕೆ ತನ್ನ ಹೆಸರೇ ನೆನಪಿರುವುದಿಲ್ಲ. ಹಳೆಯದಾದ್ದರಿಂದ ಅದರ ಪಿನ್ನೂ ಹಳೆಯದು, ಸಣ್ಣದು. ಬೋಗಿಯಲ್ಲಿ ಒಂದು ತುದಿಯಿಂದ "ಅಂಡಿ, ಹಳೇ ಪಿನ್ನಿನ ಕೇಬಲ್ ಇದೆಯಾ ಅಂಡಿ?" ಎಂದು, ನಮ್ಮ ‘ರೀ’ಯ ಜಾಗದಲ್ಲಿ ಅವರ ‘ಅಂಡಿ’ ಹಾಕಿ, ನನ್ನ ತುಮಕೂರು ತೆಲುಗಿನಲ್ಲಿ ಕೇಳುತ್ತ ಹೊರಟೆ. ಎಲ್ಲರ ಹತ್ತಿರವೂ ಕೇಬಲ್ಲಿತ್ತು, ಎಲ್ಲದಕ್ಕೂ ಹೊಸ ಪಿನ್ನು. ಲ್ಯಾಪ್‌ಟಾಪ್ ಬ್ಯಾಗಿನವನೊಬ್ಬ ಸಿಮ್ಮನ್ನು ತೆಗೆದು ತನ್ನ ಫೋನಿಗೆ ಹಾಕಿಕೊಳ್ಳಲು ಹೇಳಿದ. ಒಳ್ಳೆಯ ಮನುಷ್ಯ, ಒಳ್ಳೆಯ ಉಪಾಯ. ಆದರೆ ಉಗುರಿನಷ್ಟು ಸಿಮ್ಮು, ತೆರೆದ ಕಿಟಕಿ, ಓಡುವ ರೈಲು, ಚೀಲವನ್ನೇ ಆಟೋದಲ್ಲಿ ಬಿಟ್ಟ ನನ್ನ ಕೈ. ಈ ನಾಲ್ಕನ್ನೂ ಒಟ್ಟಿಗೆ ಊಹಿಸಿಕೊಂಡು ಬೇಡವೆಂದೆ.

ನಿಡದವೋಲು ಬರುವಷ್ಟರಲ್ಲಿ ಆರು ಪರ್ಸೆಂಟ್. ಸೋತು ಸೀಟಿಗೆ ಬಂದು ಕೂತೆ. ಎದುರಿಗೆ, ಕಿಟಕಿಯ ಪಕ್ಕ, ಎಪ್ಪತ್ತು ದಾಟಿದ ಅಜ್ಜಿಯೊಬ್ಬರಿದ್ದರು. ಕೈಯಲ್ಲಿ ಹಿಡಿಯುವ ಪುಟ್ಟ ಗುಲಾಬಿ ಬಣ್ಣದ ಫ್ಯಾನನ್ನು ಮುಖಕ್ಕೆ ಒಡ್ಡಿಕೊಂಡಿದ್ದರು. ಅದರ ಬುಡದಿಂದ ಒಂದು ಬಿಳಿ ವೈರು ಹೊರಟು ಗೋಡೆಯ ಪ್ಲಗ್ಗಿಗೆ ಹೋಗಿತ್ತು. ಇಡೀ ಬೋಗಿ ತಿರುಗಿ ಬಂದವನು ಮೂಗಿನ ಎದುರಿಗೇ ಇದ್ದದ್ದನ್ನು ನೋಡಿರಲಿಲ್ಲ. ಫ್ಯಾನಿನ ಬುಡಕ್ಕೆ ಸಿಕ್ಕಿಸಿದ್ದ ಆ ಪಿನ್ನು ಸಣ್ಣದು. ಹಳೆಯದು. ನನ್ನದು!

"ಮಾಮ್ಮಗಾರೂ," ಎಂದೆ. ಅಲ್ಲಿ ಅಜ್ಜಿಯರನ್ನು ಹಾಗೇ ಕರೆಯುವುದು. "ಆ ವೈರು ಒಂದು ಗಂಟೆ ಕೊಡ್ತೀರಾ?"

ಅವರು ತೆಲುಗಿನಲ್ಲಿ ಹೇಳಿದ್ದನ್ನು ನನ್ನ ಮಾತಿನಲ್ಲಿ ಬರೆಯುತ್ತಿದ್ದೇನೆ. "ಇದರ ಬ್ಯಾಟರಿ ಸತ್ತು ಒಂದು ವರ್ಷ ಆಯ್ತು ಬಾಬೂ. ವೈರು ಕಿತ್ತರೆ ಫ್ಯಾನು ನಿಲ್ಲುತ್ತೆ. ಫ್ಯಾನು ನಿಂತರೆ ನಾನು ನಿಲ್ತೀನಿ."

ನಾನು ವರ್ಗದ ಕಥೆ ಹೇಳಿದೆ. ಹೆಂಡತಿ, ಮಗಳು, ನಾಲ್ಕು ಅರ್ಜಿ, ಮೂರು ಗಂಟೆಯ ಫೋನು, ಎಲ್ಲ. ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ನಾಲ್ಕು ವರ್ಷದಿಂದ ಅಡುಗೆ ಯಾರು ಮಾಡ್ತಾರೆ?"

"ನಾನೇ ಅಂಡಿ."

"ಅದಕ್ಕೇ ಹೀಗಿದ್ದೀಯ." ಆಮೇಲೆ ತಮ್ಮ ಚೀಲದಿಂದ ತಾಳೆಗರಿಯ ಬೀಸಣಿಗೆಯೊಂದನ್ನು ಎಳೆದು ನನ್ನ ತೊಡೆಯ ಮೇಲಿಟ್ಟರು. "ವೈರು ತಗೋ. ಆದರೆ ಗಾಳಿ ನಿಲ್ಲಬಾರದು."

ಹಾಗೆ ಒಪ್ಪಂದವಾಯಿತು. ಪವರ್ ಬ್ಯಾಂಕ್ ನನ್ನ ತೊಡೆಯ ಮೇಲೆ, ಫೋನು ಅಂಗಿಯ ಜೇಬಿನಲ್ಲಿ, ನಡುವೆ ಅಜ್ಜಿಯ ವೈರು. ನನ್ನ ಬಲಗೈ ಬೀಸುತ್ತಿತ್ತು. ಶಾಖೆಯಲ್ಲಿ ನಾನು ಸಹಿ ಹಾಕದೆ ಒಂದು ಸಾಲವೂ ಮಂಜೂರಾಗುತ್ತಿರಲಿಲ್ಲ. ಇಲ್ಲಿ ಲ್ಯಾಪ್‌ಟಾಪಿನವನು ನನ್ನ ಫೋಟೊ ತೆಗೆಯಲೋ ಬೇಡವೋ ಎಂದು ಯೋಚಿಸುತ್ತಿದ್ದ. "ಸ್ವಲ್ಪ ಎಡಕ್ಕೆ ಬಾಬೂ, ಕಿವಿಗೆ ಬರ್ತಿದೆ," ಎಂದು ಅಜ್ಜಿ ಕಣ್ಣು ಮುಚ್ಚಿಯೇ ತಿದ್ದುತ್ತಿದ್ದರು. ಕೈ ಬದಲಿಸಿದರೆ ಗೊತ್ತಾಗುತ್ತಿತ್ತು ಅವರಿಗೆ. ಎಡಗೈಯ ಗಾಳಿ ಗಾಳಿಯೇ ಅಲ್ಲವಂತೆ.

ಮೂರು ಗಂಟೆಯಾಯಿತು. ಮೂರೂ ಹತ್ತು. ಕೊವ್ವೂರು ದಾಟಿ ರೈಲು ಗೋದಾವರಿಯ ಸೇತುವೆಗೆ ಏರಿತು. ಜನ ಕಿಟಕಿಗೆ ಬಂದು ನದಿಗೆ ಕೈ ಮುಗಿಯತೊಡಗಿದರು. ಕಬ್ಬಿಣದ ಸದ್ದಿನಲ್ಲಿ ಯಾರ ಮಾತೂ ಯಾರಿಗೂ ಕೇಳುತ್ತಿರಲಿಲ್ಲ. ಫೋನು ಬಂದದ್ದು ಆಗಲೇ. ಕಿವಿಗೆ ಬೀಳಲಿಲ್ಲ, ಎದೆಯ ಮೇಲೆ ನಡುಗಿದ್ದರಿಂದ ತಿಳಿಯಿತು. ಮೊದಲು ಅದು ನನ್ನ ಹೃದಯವೆಂದೇ ತಿಳಿದು ಒಂದು ಕ್ಷಣ ಹೆದರಿದೆ.

"ವಿಶಾಖಪಟ್ನಂ… ಒಂದೇ ಪೋಸ್ಟು… ಎಸ್ ಆರ್ ನೋ?" ತುಂಡು ತುಂಡಾಗಿ ಕೇಳಿತು.

"ಎಸ್ ಸರ್!"

"ಹಲೋ? ಕೇಳ್ತಿಲ್ಲ! ಎಸ್ ಆರ್ ನೋ?"

ನಾನು ಎದ್ದು ನಿಂತೆ. ಬೀಸಣಿಗೆಯನ್ನೂ ಎತ್ತಿ ಹಿಡಿದಿದ್ದೆನಂತೆ. "ಎಸ್! ಎಸ್! ಎಸ್!" ಎಂದು ಕೂಗಿದ್ದು ಸೇತುವೆಯನ್ನೂ ಮೀರಿ ಬೋಗಿಯ ಆ ತುದಿಗೆ ಮುಟ್ಟಿತು. ನದಿಗೆ ಕೈ ಮುಗಿಯುತ್ತಿದ್ದವರೆಲ್ಲ ಹಾಗೇ ಮುಗಿದ ಕೈಯಲ್ಲೇ ನನ್ನ ಕಡೆ ತಿರುಗಿದರು. ಆ ಕಡೆಯಿಂದ "ಓಕೆ, ನೋಟೆಡ್," ಎಂಬಷ್ಟು ಕೇಳಿತು.

"ಆಯ್ತಾ?" ಅಜ್ಜಿ ಕೇಳಿದರು.

"ಆಯ್ತು ಅನ್ಸುತ್ತೆ. ಅವರು ಸರಿಯಾಗಿ ಕೇಳಿಸ್ಕೊಂಡ್ರೋ ಇಲ್ವೋ. ಬೇರೆ ಯಾರದಾದ್ರೂ ಹೆಸರಿಗೆ ಬರ್ಕೊಂಡಿದ್ರೆ…"

"ಗೋದಾವರಮ್ಮನ ಮೇಲೆ ನಿಂತು ಮೂರು ಸಲ ಹೇಳಿದ್ದೀಯ. ಇನ್ನು ಯಾರು ತಿದ್ದುತ್ತಾರೆ? ಕೂತ್ಕೊಂಡು ಬೀಸು. ಹೆಂಡತಿಗೆ ಹೇಳು ಮೊದಲು."

ಹೆಂಡತಿಗೆ ಹೇಳಿದೆ. ಅವಳಿಗೆ ಅವತ್ತು ಬೆಳಗಿನ ಪಾಳಿ, ಆಗಷ್ಟೇ ಮನೆಗೆ ಬಂದಿದ್ದಳು. ಲೈನು ಹೋಯಿತೇನೋ ಎಂದು ಹಲೋ ಹಲೋ ಎಂದೆ.

"ಇದೀನಿ ಕಣ್ರೀ," ಎಂದಳು. ಮೂಗು ಎಳೆದುಕೊಂಡ ಸದ್ದು. "ಇನ್ಮೇಲೆ ದಿನಾ ಇರ್ತೀರಾ? ಭಾನುವಾರ ಸಾಯಂಕಾಲ ಬ್ಯಾಗ್ ತಗೊಂಡು ಹೊರಡಲ್ವಾ?"

"ಹೊರಡಲ್ಲ."

"ಹಾಗಾದ್ರೆ ಗ್ಯಾಸ್ ಆರಿಸಿದೀಯಾ ಅಂತ ದಿನಕ್ಕೆ ಎಷ್ಟು ಸಲ ಕೇಳ್ತೀರಿ, ಅದನ್ನ ಈಗ್ಲೇ ಹೇಳ್ಬಿಡಿ."

ಹಿಂದಿನಿಂದ ಮಗಳು ಫೋನು ಕಿತ್ತುಕೊಂಡು, ಅಪ್ಪಾ ನಿಜಂಗಾ, ನಿಜಂಗಾ ಎಂದು ಕಿರುಚಿದಳು. ನಿಜವಾಗಿಯೂ ಎಂದು ನಾನು ಎರಡು ಭಾಷೆಯಲ್ಲೂ ಹೇಳಿದೆ.

ಅಜ್ಜಿ ಇಳಿದದ್ದು ತುನಿಯಲ್ಲಿ. ಅಲ್ಲಿಯವರೆಗೂ ಬೀಸಿದೆ. ಫೋನು ತುಂಬಿ ವೈರನ್ನು ಅವರ ಫ್ಯಾನಿಗೆ ಸಿಕ್ಕಿಸಿ ಕೊಟ್ಟ ಮೇಲೂ, ನೀನು ಬೀಸಿದ್ದೇ ತಂಪು ಎಂದು ಬಿಡಲಿಲ್ಲ; ನನಗೂ ನಿಲ್ಲಿಸಬೇಕೆನಿಸಲಿಲ್ಲ. ಚೀಲ ಇಳಿಸಿಕೊಟ್ಟೆ. ಕರೆದೊಯ್ಯಲು ಸೊಸೆ ಬಂದಿದ್ದಳು. ಅಜ್ಜಿ ಪ್ರಯಾಣ ಹೇಗಿತ್ತೆಂದು ಹೇಳುವ ಮೊದಲೇ ನನ್ನ ಕಡೆ ಕೈ ತೋರಿಸಿ, ಪ್ಲಾಟ್‌ಫಾರಂ ಪೂರ್ತಿ ಕೇಳುವ ಹಾಗೆ, "ಇವರು ಬ್ಯಾಂಕಿನವರು. ಇವತ್ತು ವೈಜಾಗಿಗೆ ಟ್ರಾನ್ಸ್‌ಫರ್ ಆಯ್ತು, ಹೆಂಡತಿ ಇರೋ ಊರಿಗೆ!" ಎಂದರು.

ಆದೇಶ ಕಾಗದದ ಮೇಲೆ ನನ್ನ ಕೈಗೆ ಬರಲು ಇನ್ನೂ ಹದಿನೆಂಟು ದಿನ ಹಿಡಿಯಿತು. ಆ ಹದಿನೆಂಟು ದಿನವೂ ನಾನು ನಿದ್ದೆಗೆಟ್ಟು ಚಿಂತಿಸಿದೆ. ತುನಿಯಲ್ಲಿ ಮಾತ್ರ ಅದು ಅವತ್ತೇ ಜಾರಿಗೆ ಬಂದಿತ್ತು. ಚಹಾ ಮಾರುವವನೊಬ್ಬ ಕಿಟಕಿಯ ಬಳಿ ನಿಂತು "ಶುಭಾಕಾಂಕ್ಷಲು ಸಾರ್," ಎಂದು ಶುಭಾಶಯ ಹೇಳಿ ಒಂದು ಕಪ್ಪು ಕೊಟ್ಟ.