ಪಕ್ಕದ ಮನೆಯ ನಿಧಿಗೆ ದೊಡ್ಡಮ್ಮನ ಹಾಲು

ಬೇರೆಯವರ ಅಂಗಳ ಅಗೆಯುವ ಚಟ ನನಗೆ ಹತ್ತಿದ್ದು ನಲವತ್ತೈದು ದಾಟಿದ ಮೇಲೆ. ಆ ವಯಸ್ಸಿಗೆ ಉಳಿದ ಹೆಂಗಸರು ಯೋಗ ಕಲಿಯುತ್ತಾರೆ. ನಾನು ಲೋಹ ಹುಡುಕುವ ಯಂತ್ರ ಕೊಂಡೆ. ಉದ್ದ ಕೋಲು, ತುದಿಗೊಂದು ತಟ್ಟೆ, ಕಿವಿಗೆ ಹೆಡ್‌ಫೋನ್. ನೆಲದಡಿ ತುಕ್ಕು ಹಿಡಿದ ಮೊಳೆ ಇದ್ದರೆ ಗೊರಗೊರ ಅನ್ನುತ್ತದೆ, ಬೆಳ್ಳಿ ಇದ್ದರೆ ದೇವರ ಮನೆಯ ಗಂಟೆಯ ಹಾಗೆ ಕೂಗುತ್ತದೆ. ಅಮೆರಿಕದ ಚಿಲ್ಲರೆ ನಾಣ್ಯಗಳಲ್ಲಿ ಅರವತ್ತರ ದಶಕದ ನಡುವಿನವರೆಗೂ ಬೆಳ್ಳಿ ಇತ್ತು. ಹಾಗಾಗಿ ಹಳೆ ಮನೆ ಹುಡುಕಬೇಕು, ಬಾಗಿಲು ತಟ್ಟಬೇಕು, ಹಲ್ಲು ಕಿರಿಯಬೇಕು. ನಾವಿರುವ ಟೋಟೆಮ್ ಲೇಕ್ ಸುತ್ತಮುತ್ತ ಆಗ ಹಳೆಯದನ್ನೆಲ್ಲ ಕೆಡವಿ ಅಪಾರ್ಟ್‌ಮೆಂಟ್ ಎಬ್ಬಿಸುತ್ತಿದ್ದರು. ಉಳಿದುಕೊಂಡಿದ್ದ ಒಂದು ಮನೆ ನಮ್ಮ ಬೇಲಿಯಾಚೆಯೇ ಇತ್ತು.

ಅದರ ಯಜಮಾನ ವಿಮಾನದ ಕಾರ್ಖಾನೆಯಿಂದ ನಿವೃತ್ತನಾದ ಮುದುಕ. ಹೆಂಡತಿಯ ತಲೆಗಿಂತ ಹುಲ್ಲಿನ ತಲೆಯನ್ನೇ ಹೆಚ್ಚು ನೇವರಿಸಿದವನು ನಾನು ಎಂದು ಅವನೇ ಹೇಳಿಕೊಂಡಿದ್ದ. ಹಿತ್ತಲಲ್ಲಿ ಅವನ ತಾಯಿ ಬಟ್ಟೆ ಒಣಗಿಸುತ್ತಿದ್ದ ಎರಡು ಕಂಬ ಇನ್ನೂ ನಿಂತಿದ್ದವು. ಬಟ್ಟೆ ತಂತಿಯ ಕೆಳಗಿನ ನೆಲ ಎಂದರೆ ನಮ್ಮಂಥವರ ಬಾಯಲ್ಲಿ ನೀರೂರುತ್ತದೆ. ಎಷ್ಟೋ ವರ್ಷ ಪ್ಯಾಂಟಿನ ಜೇಬುಗಳು ತಲೆಕೆಳಗಾಗಿ ನೇತಾಡಿದ ಜಾಗ ಅದು. ಮುದುಕ ಷರತ್ತು ಹಾಕಿದ. ಮೊದಲು ಮುಂದಿನ ಅಂಗಳದಲ್ಲಿ ಒಂದೇ ಒಂದು ಗುಂಡಿ. ವಾರ ಕಳೆದ ಮೇಲೆ ಅದು ಎಲ್ಲಿತ್ತೆಂದು ತನಗೆ ಸಿಗಬಾರದು. ಸಿಗದಿದ್ದರೆ ಹಿತ್ತಲು ನನ್ನದು, ಸಿಕ್ಕಿದರೆ ಯಂತ್ರ ಹಿಡಿದು ಬೇಲಿ ದಾಟುವ ಹಾಗಿಲ್ಲ.

ಗಂಟೆ ಕೂಗಿದ ಕಡೆ ಅಗೆದೆ. ಚಾಕುವಿನಿಂದ ಮೂರು ಮಗ್ಗುಲು ಕೊಯ್ದು, ನಾಲ್ಕನೆಯದನ್ನು ಬಿಟ್ಟು, ಹುಲ್ಲನ್ನು ದೋಸೆಯ ಹಾಗೆ ಮಡಚಿ, ಮಣ್ಣನ್ನು ಟವೆಲ್ ಮೇಲೆ ಸುರಿದುಕೊಂಡೆ. ಹೆಬ್ಬೆರಳ ಉಗುರಿನಷ್ಟಗಲದ ಬೆಳ್ಳಿ ಡೈಮ್, ಹತ್ತು ಸೆಂಟಿನ ನಾಣ್ಯ, ಸಿಕ್ಕಿತು. ಮಣ್ಣು ತುಂಬಿ, ಮುಚ್ಚಿ, ತಟ್ಟಿದೆ. ಆ ಜಾಗ ಗೊತ್ತಿದ್ದವರು ಇಬ್ಬರೇ: ನಾನು, ಮತ್ತು ಬೇಲಿಗೆ ಗಲ್ಲ ಊರಿ ನಿಂತಿದ್ದ ದೊಡ್ಡಮ್ಮ.

ದೊಡ್ಡಮ್ಮ ಉಡುಪಿಯಿಂದ ಆರು ತಿಂಗಳಿಗೆಂದು ಬಂದವಳು. ನನ್ನನ್ನು ಸಾಕಿದವಳು, ನನ್ನ ಬಾಯಲ್ಲಿರುವ ಮಾತೆಲ್ಲ, ಬೈಗುಳವೂ ಸೇರಿ, ಅವಳದ್ದೇ. ನಾಣ್ಯ ಕಂಡು ಅವಳಿಗೆ ಸಂತೋಷವೇನೂ ಆಗಲಿಲ್ಲ. ನೆಲದಡಿಯ ಬೆಳ್ಳಿಗೆ ಸರ್ಪದ ಕಾವಲಿರುತ್ತದೆ, ಕೇಳದೆ ಎತ್ತಿದರೆ ಮನೆಗೆ ಆಗಿಬರುವುದಿಲ್ಲ, ಹಾಲು ತಂದು ನಾಗನಿಗೆ ತನು ಎರೆಯಬೇಕು ಎಂದಳು. ಹತ್ತು ಸೆಂಟಿಗೆ ಯಾವ ಸರ್ಪ ಕಾವಲು ಕೂರುತ್ತದೆ ಎಂದು ನಕ್ಕೆ. ಈ ಕಡೆ ವಿಷದ ಹಾವೇ ಇಲ್ಲ ಎಂದೂ ಹೇಳಿದೆ.

"ವಿಷ ಇಲ್ಲದಿದ್ರೆ ಅದಕ್ಕೆ ಮರ್ಯಾದೆ ಬೇಡ್ವಾ?"

ಎರಡು ದಿನದ ಮೇಲೆ ಬೆಳಿಗ್ಗೆ ಮುದುಕ ಬಾಗಿಲು ತಟ್ಟಿದ. ತನ್ನ ಅಂಗಳಕ್ಕೆ ಕರೆದೊಯ್ದ. ಮದುವೆಯೂಟ ಮುಗಿದ ಮೇಲೆ ಚಾಪೆ ಸುತ್ತುವ ಹಾಗೆ ಹುಲ್ಲನ್ನು ಯಾರೋ ಸುರುಳಿ ಸುತ್ತಿಟ್ಟಿದ್ದರು, ಅಲ್ಲಲ್ಲಿ ಹರಿದೂ ಹಾಕಿದ್ದರು. ಮಣ್ಣಿನ ಮೇಲೆಲ್ಲ ಪುಟ್ಟ ಪುಟ್ಟ ಕೈಗುರುತು. ರಕೂನ್‌ಗಳು, ರಾತ್ರಿ ಹೊತ್ತು ಮನೆಗಳ ಸುತ್ತ ಅಲೆಯುವ ಕಾಡುಪ್ರಾಣಿಗಳು. ಹುಳದ ಆಸೆಗೆ ಅವು ಹೀಗೆ ಮಾಡುವುದುಂಟು. ಆದರೆ ಈ ಸಲ ಪಕ್ಕದಲ್ಲಿ ಬಾಳೆಹಣ್ಣಿನ ಸಿಪ್ಪೆ ಇತ್ತು, ನಾಲ್ಕು ಕಾಳು ಅವಲಕ್ಕಿಯೂ ಇತ್ತು.

ಬೇಲಿಯಾಚೆ ದೊಡ್ಡಮ್ಮ ಏನೂ ಅರಿಯದವಳಂತೆ ಕರಿಬೇವಿನ ಕುಂಡಕ್ಕೆ ನೀರು ಹಾಕುತ್ತಿದ್ದಳು. ಕರೆದು ಕೇಳಿದೆ. ಹಿಂದಿನ ಸಂಜೆ, ನಾನು ಕ್ಯಾನ್ಯನ್ ಪಾರ್ಕಿನ ಆಫೀಸಿನಿಂದ ಬರುವ ಮೊದಲೇ, ಬಂದು ಪೂಜೆಯೆಲ್ಲ ಮುಗಿಸಿ ಹೋಗಿದ್ದಳಂತೆ. ಹಾಲು ಹೆಚ್ಚೇನಿಲ್ಲ, ಅರ್ಧ ಗ್ಯಾಲನ್, ಹತ್ತಿರ ಹತ್ತಿರ ಎರಡು ಲೀಟರ್ ಅಷ್ಟೆ.

"ಅದಿರ್ಲಿ ಮಾರಾಯ್ತಿ, ನನ್ನ ಬೆಳ್ಳಿ ಉದ್ಧರಣೆ ಕಾಣುದಿಲ್ಲ. ಅಲ್ಲೆಲ್ಲಾದ್ರೂ ಉಂಟಾ ನೋಡು."

ಅದು ಅವಳ ಪೂಜೆಯ ಪುಟ್ಟ ಚಮಚ. ಮುದುಕನಿಗೆ ಸರ್ಪದಿಂದ ಹಿಡಿದು ಚಮಚದವರೆಗೆ ಎಲ್ಲ ಹೇಳಿದೆ. ಬಾಳೆಹಣ್ಣಿನ ಸಿಪ್ಪೆ ಎದುರಿಗಿಟ್ಟುಕೊಂಡು ಸುಳ್ಳು ಹೇಳುವುದಾದರೂ ಹೇಗೆ? ಅವನು ಕೇಳಿಸಿಕೊಂಡು, ನೀನು ಅಗೆದ ಜಾಗ ಈಗ ವಿಮಾನದಿಂದಲೂ ಕಾಣುತ್ತದೆ ಎಂದ. ಹಿತ್ತಲು ಕೈತಪ್ಪಿತು ಎಂದುಕೊಂಡೆ. ಆದರೆ ಅವನೇ, ಹೇಗೂ ಕಿತ್ತಾಗಿದೆ, ಹೋಗಿ ಯಂತ್ರ ತಾ, ಮುದುಕಿಯ ಚಮಚವನ್ನಾದರೂ ಹುಡುಕು ಎಂದು ಗೊಣಗಿದ. ಇವನಿಗಿಂತ ದೊಡ್ಡಮ್ಮ ಎರಡು ವರ್ಷ ಚಿಕ್ಕವಳು.

ಸುರುಳಿಯ ಮೇಲೆ ಯಂತ್ರ ಆಡಿಸಿದೆ. ಅಂಥ ಗಂಟೆ ದನಿಯನ್ನು ನಾನು ಅದುವರೆಗೆ ಕೇಳಿರಲಿಲ್ಲ. ಒಳಗೆ ಕೈ ತೂರಿಸಿದರೆ ಉದ್ಧರಣೆ, ತುದಿಯಲ್ಲೊಂದು ಹಲ್ಲಿನ ಗುರುತು. ದೊಡ್ಡಮ್ಮ ಸೆರಗಿನಿಂದ ಒರೆಸಿ ಕಣ್ಣಿಗೊತ್ತಿಕೊಂಡಳು. ಎಷ್ಟು ಹಳೆಯದು ಎಂದು ಮುದುಕ ಕೇಳಿದ. ಅವಳ ಅತ್ತೆಯ ಅತ್ತೆಯ ಕಾಲದ್ದು ಎಂದೆ. ಅವನು ಚಮಚವನ್ನೊಮ್ಮೆ, ತನ್ನ ಮನೆಯನ್ನೊಮ್ಮೆ ನೋಡಿದ.

ಮಧ್ಯಾಹ್ನದವರೆಗೆ ಮೂವರೂ ಹುಲ್ಲು ಬಿಚ್ಚಿ, ತುಂಡು ಜೋಡಿಸಿ, ತುಳಿದು ಕೂರಿಸಿದೆವು. ಒಂದೊಂದು ತುಂಡು ಹಾಸುವ ಮುಂಚೆಯೂ ಅದನ್ನು ತಿರುಗಿಸಿ, ನನ್ನ ಚಾಕುವಿನ ಗೆರೆಗಾಗಿ ಮುದುಕ ಹುಡುಕುತ್ತಿದ್ದುದು ಕಂಡೆ. ಸಿಗಲಿಲ್ಲ. ಕೊನೆಯ ತುಂಡಿನ ಮೇಲೆ ದೊಡ್ಡಮ್ಮ ಬರಿಗಾಲಲ್ಲಿ ಕುಣಿದ ಹಾಗೆ ತುಳಿಯುತ್ತಿದ್ದಾಗ ಅವನು ಬೆನ್ನು ನೆಟ್ಟಗೆ ಮಾಡಿಕೊಂಡು ಹೇಳಿದ: "ಶನಿವಾರ ಹಿತ್ತಲಿಗೆ ಬಾ. ಹಾಲು ಮಾತ್ರ ತರಕೂಡದು."

ಅವನೇನು ಹೇಳಿದ್ದು ಎಂದು ದೊಡ್ಡಮ್ಮ ಕೇಳಿದಳು. ಹೇಳಿದೆ. ಅವಳು ಕಾಲಿನ ಮಣ್ಣು ಕೊಡವಿಕೊಂಡಳು.

"ಹಾಲು ಬೇಡಾದ್ರೆ ಬೇಡ. ಎಳನೀರು ಆಗ್ತದಲ್ಲ?"